ಗೋಡೋ ಎಂಜಿನ್ ಎಲ್ಲಿಯವರೆಗೆ ಜೊತೆಗೆ ಬರುತ್ತದೆ: ನನ್ನ ಅನುಭವ

ಒಬ್ಬರೇ ಕೂತು ಗೇಮ್ ಮಾಡಲು ಹೊರಟವರೆಲ್ಲ ಕೇಳುವ ಪ್ರಶ್ನೆ ಒಂದೇ. ಈ ಉಚಿತ, ಸುಲಭದ ಎಂಜಿನ್‌ಗಳಲ್ಲಿ, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್‌ಗಳಲ್ಲಿ, ಜನ ದುಡ್ಡು ಕೊಟ್ಟು ಆಡುವಂಥ ಗೇಮ್ ಮಾಡೋಕೆ ಆಗುತ್ತಾ? ಆಗುತ್ತದೆ. ನಾನು ಗೋಡೋ ಎಂಜಿನ್‌ನಲ್ಲಿ ಒಂದು 2ಡಿ ಆಕ್ಷನ್ ಗೇಮನ್ನು ಶುರುವಿನಿಂದ ಬಿಡುಗಡೆಯವರೆಗೆ ಒಬ್ಬಳೇ ಮಾಡಿದ್ದೇನೆ. ಎಲ್ಲಿ ಅದು ಕೆಲಸ ಹಗುರ ಮಾಡಿತು, ಎಲ್ಲಿ ನಾನೇ ದಾರಿ ಹುಡುಕಬೇಕಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಆಟಗಾರರು ಇಷ್ಟಪಟ್ಟ ಗೇಮ್‌ಗಳನ್ನೇ ನೋಡಿ. 2015ರ ಅಂಡರ್‌ಟೇಲ್ ಆಗಿದ್ದು ಗೇಮ್‌ಮೇಕರ್ ಎಂಜಿನ್‌ನಲ್ಲಿ. 2017ರ ಹಾಲೋ ನೈಟ್ ಯೂನಿಟಿ ಎಂಜಿನ್‌ನಲ್ಲಿ. ಬ್ರೋಟಾಟೋ, ಡೋಮ್ ಕೀಪರ್ ಎರಡೂ ಗೋಡೋದಲ್ಲಿ. 2024ರ ಬಲಾಟ್ರೋವನ್ನು ಒಬ್ಬರೇ ಡೆವಲಪರ್ ಲುವಾ ಭಾಷೆಯ 'ಲವ್' ಅನ್ನುವ ಪುಟ್ಟ ಫ್ರೇಮ್‌ವರ್ಕ್‌ನಲ್ಲಿ (ಸಿದ್ಧ ಕೋಡ್‌ನ ಕಟ್ಟು) ಮಾಡಿದರು. ಅದರಲ್ಲಿ ಎಡಿಟರ್ ಕೂಡ ಇಲ್ಲ, ಎಲ್ಲವೂ ಕೋಡ್. ಹೀಗಿರುವಾಗ ಎಂಜಿನ್ ದೊಡ್ಡದಿದ್ದರೆ ಗೇಮ್ ಚೆನ್ನಾಗಿರುತ್ತದೆ ಅನ್ನುವ ಮಾತಿಗೆ ಆಧಾರ ಇಲ್ಲ.

ನಾನು ಗೋಡೋ ಆರಿಸಿದ್ದಕ್ಕೆ ಮುಖ್ಯ ಕಾರಣ ಲೈಸೆನ್ಸ್. ಅದು ಎಂಐಟಿ ಲೈಸೆನ್ಸ್‌ನಲ್ಲಿದೆ. ಗೇಮ್ ಎಷ್ಟೇ ಮಾರಲಿ, ಎಂಜಿನ್‌ಗೆ ಪಾಲು ಕೊಡಬೇಕಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ, ಒಂದು ಮಿತಿ ದಾಟಿದ ಗೇಮ್‌ಗಳಿಗೆ ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ಹಾಕುವುದಾಗಿ ಹೇಳಿತು. ಒಂದು ವರ್ಷದ ನಂತರ ಅದನ್ನು ಕೈಬಿಟ್ಟಿತು. ಆದರೂ ಎಂಜಿನ್‌ನ ಒಡೆತನ ಯಾರ ಕೈಯಲ್ಲಿದೆ ಅನ್ನುವುದು ಸಣ್ಣ ವಿಷಯ ಅಲ್ಲ ಅಂತ ನನ್ನಂಥ ತುಂಬಾ ಜನರಿಗೆ ಆಗ ಅನಿಸಿತು. ಒಂದು ಗೇಮ್‌ಗೆ ವರ್ಷಗಟ್ಟಲೆ ಸಮಯ ಹಾಕುವವರು ಇದನ್ನು ಮೊದಲೇ ಯೋಚಿಸುವುದು ಒಳ್ಳೆಯದು.

ಇನ್ನು ಕೆಲಸದ ವಿಷಯ. ಗೋಡೋದಲ್ಲಿ ಎಲ್ಲವೂ ನೋಡ್, ಅಂದರೆ ಒಂದೊಂದು ಕೆಲಸ ಮಾಡುವ ಸಣ್ಣ ತುಂಡು. ನೋಡ್‌ಗಳನ್ನು ಜೋಡಿಸಿದರೆ ಸೀನ್. ಒಂದು ಸೀನ್ ಇನ್ನೊಂದರ ಒಳಗೆ ಕೂರುತ್ತದೆ. ಆಟಗಾರ, ಶತ್ರು, ಬಾಗಿಲು, ಮೆನು ಎಲ್ಲವೂ ಬೇರೆ ಬೇರೆ ಸೀನ್. ಶತ್ರುವಿನ ಸೀನನ್ನು ಒಂದನ್ನೇ ತೆರೆದು ಆಡಿಸಿ ನೋಡಬಹುದು, ಇಡೀ ಲೆವೆಲ್ ಬೇಕಿಲ್ಲ. ಈ ಅನುಕೂಲ ಎಷ್ಟು ದೊಡ್ಡದು ಅನ್ನುವುದು ಆರು ತಿಂಗಳ ನಂತರ ಹಳೆಯ ಕೋಡ್‌ಗೆ ಮತ್ತೆ ಕೈ ಹಾಕಿದಾಗ ಗೊತ್ತಾಗುತ್ತದೆ.

ನಾನು ಅತಿ ಹೆಚ್ಚು ಸಮಯ ಕೊಟ್ಟಿದ್ದು ಜಿಗಿತಕ್ಕೆ. ಆಕ್ಷನ್ ಗೇಮ್‌ನಲ್ಲಿ ಜಿಗಿತ ಸರಿಯಿಲ್ಲದಿದ್ದರೆ ಮಿಕ್ಕಿದ್ದು ಎಷ್ಟು ಚೆಂದ ಇದ್ದರೂ ಪ್ರಯೋಜನ ಇಲ್ಲ. ಗುರುತ್ವದ ಸಂಖ್ಯೆಯನ್ನು ಸುಮ್ನೆ ಊಹಿಸಿ ಹಾಕುವ ಬದಲು ನಾನು ಎತ್ತರ ಮತ್ತು ಸಮಯದಿಂದ ಶುರು ಮಾಡಿದೆ. ಪಾತ್ರ 96 ಪಿಕ್ಸೆಲ್ ಎತ್ತರ ಹಾರಬೇಕು, ತುದಿ ಮುಟ್ಟಲು 0.4 ಸೆಕೆಂಡ್ ಹಿಡಿಯಬೇಕು ಅಂದುಕೊಳ್ಳಿ. ಎತ್ತರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದರೆ ಗುರುತ್ವ ಸಿಗುತ್ತದೆ: 1200. ಅದೇ ಎರಡರಷ್ಟನ್ನು ಬರೀ ಸಮಯದಿಂದ ಭಾಗಿಸಿದರೆ ಹಾರುವ ವೇಗ: 480. ಗೋಡೋ 2ಡಿಯಲ್ಲಿ ವೈ ಅಕ್ಷ ಕೆಳಮುಖ, ಹಾಗಾಗಿ ವೇಗವನ್ನು ಮೈನಸ್ ಮಾಡಬೇಕು. ಈ ಎತ್ತರ, ಸಮಯ ಎರಡನ್ನೂ ಎಕ್ಸ್‌ಪೋರ್ಟ್ ವೇರಿಯಬಲ್ (ಕೋಡ್ ಮುಟ್ಟದೆ ಬದಲಿಸಬಹುದಾದ ಮೌಲ್ಯ) ಮಾಡಿಟ್ಟರೆ ಎಡಿಟರ್‌ನ ಇನ್‌ಸ್ಪೆಕ್ಟರ್ ಫಲಕದಲ್ಲಿ ಕಾಣುತ್ತವೆ. ಗುರುತ್ವ, ವೇಗ ಎರಡನ್ನೂ ಪ್ರತಿ ಸಲ ಅವುಗಳಿಂದಲೇ ಲೆಕ್ಕ ಹಾಕಿಸಿದೆ. ಗೇಮ್ ಓಡುತ್ತಿರುವಾಗಲೇ ಎಡಿಟರ್‌ನ ರಿಮೋಟ್ ಟ್ಯಾಬ್‌ಗೆ ಹೋಗಿ ಸಂಖ್ಯೆ ಬದಲಿಸಬಹುದು, ಮುಂದಿನ ಜಿಗಿತದಲ್ಲೇ ಫಲ ಕಾಣುತ್ತದೆ.

ಇದರ ಮೇಲೆ ಇನ್ನೆರಡು ಸೇರಿಸಿದೆ. ಅಂಚಿನಿಂದ ಕಾಲು ಜಾರಿದ ಮೇಲೂ ಸುಮಾರು 0.1 ಸೆಕೆಂಡ್ ಜಿಗಿಯಲು ಬಿಡುವುದು, ಇದನ್ನು ಕೊಯೋಟಿ ಟೈಮ್ ಅನ್ನುತ್ತಾರೆ. ಇನ್ನೊಂದು, ನೆಲ ಮುಟ್ಟುವ ಸ್ವಲ್ಪ ಮುಂಚೆ ಬಟನ್ ಒತ್ತಿದರೂ ಅದನ್ನು ನೆನಪಿಟ್ಟು, ಮುಟ್ಟಿದ ಕೂಡಲೇ ಹಾರಿಸುವುದು. ಇದು ಜಂಪ್ ಬಫರ್. ಆಟಗಾರರಿಗೆ ಇವು ಇರುವುದು ಗೊತ್ತಾಗುವುದೇ ಇಲ್ಲ. ಇಲ್ಲದಿದ್ದರೆ ಮಾತ್ರ 'ಬಟನ್ ಕೆಲಸ ಮಾಡ್ತಿಲ್ಲ' ಅಂತಾರೆ. ಎಂಜಿನ್‌ನ ತಾಕತ್ತು ಅಂದರೆ ನನ್ನ ಮಟ್ಟಿಗೆ ಇದೇ. ತಲೆಗೆ ಬಂದ ಯೋಚನೆ ಆಡಿ ನೋಡುವ ಹಂತಕ್ಕೆ ಎಷ್ಟು ಬೇಗ ಬರುತ್ತದೆ? ಗೋಡೋದಲ್ಲಿ ನಿಮಿಷಗಳು ಸಾಕು. ಒಬ್ಬರೇ ಇರುವಾಗ ಈ ವೇಗದ ಮುಂದೆ ಟ್ರೇಲರ್‌ನ ಬೆಳಕು ನೆರಳು ದೊಡ್ಡದಲ್ಲ.

ಕಷ್ಟ ಶುರುವಾಗಿದ್ದು ಗುಂಡುಗಳ ಸಂಖ್ಯೆ ಜಾಸ್ತಿ ಆದಾಗ. ಸೆಕೆಂಡಿಗೆ 60 ಫ್ರೇಮ್ ಬೇಕಂದರೆ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್ ಮಾತ್ರ. ಪ್ರತಿ ಗುಂಡಿಗೂ ಒಂದು ಏರಿಯಾ ನೋಡ್ (ಏನಾದರೂ ತಾಗಿತೇ ಅಂತ ನೋಡುವ ನೋಡ್), ಅದಕ್ಕೊಂದು ಸ್ಕ್ರಿಪ್ಟ್ ಅಂತ ಇಟ್ಟರೆ ನೂರಾರು ಗುಂಡುಗಳವರೆಗೆ ಏನೂ ಅನಿಸುವುದಿಲ್ಲ. ಸಾವಿರ ದಾಟಿತು ಅಂದರೆ ಹಳೆಯ ಲ್ಯಾಪ್‌ಟಾಪ್ ತಡವರಿಸುತ್ತದೆ. ಯಾವ ಕೋಡ್ ಎಷ್ಟು ಸಮಯ ತಿನ್ನುತ್ತದೆ ಅಂತ ತೋರಿಸುವ ಪ್ರೊಫೈಲರ್ ತೆರೆದು ನೋಡಿದರೆ ಸಮಯವೆಲ್ಲ ಆ ಸಣ್ಣ ಸ್ಕ್ರಿಪ್ಟ್‌ಗಳಲ್ಲೇ ಹೋಗುತ್ತಿತ್ತು. ಗೋಡೋದ್ದೇ ಭಾಷೆಯಾದ ಜಿಡಿಸ್ಕ್ರಿಪ್ಟ್ ಬರೆಯಲು ಸುಲಭ, ಆದರೆ ಸಿ++ ಅಥವಾ ಸಿ ಶಾರ್ಪ್‌ನಷ್ಟು ವೇಗ ಇಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ನಾನು ಗುಂಡುಗಳನ್ನು ನೋಡ್ ಆಗಿ ಇಡುವುದನ್ನೇ ಬಿಟ್ಟೆ. ಎಲ್ಲ ಗುಂಡುಗಳ ಜಾಗ, ವೇಗ ಎರಡನ್ನೂ ಪ್ಯಾಕ್ಡ್ ಅರೇಗಳಲ್ಲಿ (ಒತ್ತಾಗಿ ಜೋಡಿಸಿದ ಸಂಖ್ಯೆಗಳ ಪಟ್ಟಿ) ಇಟ್ಟು, ಒಂದೇ ಸ್ಕ್ರಿಪ್ಟ್ ಅವನ್ನು ಮುಂದೆ ಸರಿಸುವಂತೆ ಮಾಡಿದೆ. ಚಿತ್ರ ಬಿಡಿಸಲು ಮಲ್ಟಿಮೆಶ್. ಸಾವಿರ ಗುಂಡುಗಳ ಚಿತ್ರವೂ ಒಂದೇ ಏಟಿಗೆ ಚಿತ್ರ ಬಿಡಿಸುವ ಚಿಪ್ ಆದ ಜಿಪಿಯುಗೆ ಹೋಗುತ್ತದೆ. ಉಳಿದಿದ್ದು ತಾಗಿತೋ ಇಲ್ಲವೋ ಅನ್ನುವ ಪರೀಕ್ಷೆ. 1000 ಗುಂಡು, 100 ಶತ್ರು ಇದ್ದರೆ ಪ್ರತಿ ಫ್ರೇಮ್‌ಗೆ ಒಂದು ಲಕ್ಷ ಹೋಲಿಕೆ, ಸೆಕೆಂಡಿಗೆ 60 ಲಕ್ಷ. ಅದಕ್ಕೆ ಪರದೆಯನ್ನು ಚೌಕಗಳಾಗಿ ಹಂಚಿದೆ. ಗುಂಡು ಯಾವ ಚೌಕದಲ್ಲಿದೆಯೋ ಅದನ್ನು ಮತ್ತು ಅದರ ಸುತ್ತಲಿನ ಚೌಕಗಳನ್ನು ಮಾತ್ರ ನೋಡುವುದು. ಸಿ++ ಕಡೆ ಹೋಗುವ ಅಗತ್ಯವೇ ಬರಲಿಲ್ಲ. ಬೇಕಾದವರಿಗೆ ಜಿಡಿಎಕ್ಸ್‌ಟೆನ್ಷನ್ ಇದೆ, ಭಾರದ ಭಾಗವನ್ನು ಮಾತ್ರ ಸಿ++ನಲ್ಲಿ ಬರೆದು ಜೋಡಿಸಬಹುದು. ಹೀಗೆ ಸುಲಭದ ದಾರಿ ಮುಗಿದ ಕಡೆ ಕೆಳಗಿಳಿಯಲು ಒಂದು ಮೆಟ್ಟಿಲು ಇರುವುದು ಗೋಡೋದ ಒಳ್ಳೆಯ ಗುಣ. ಎಂಜಿನ್ ಆರಿಸುವಾಗ ಜನ ಇದನ್ನು ನೋಡುವುದೇ ಕಡಿಮೆ.

ಅಕ್ಷರದ ವಿಷಯ ನನಗೆ ತುಂಬಾ ಹತ್ತಿರದ್ದು. ಗೋಡೋ 3ರಲ್ಲಿ ಕನ್ನಡದಂಥ ಲಿಪಿಗಳು ಸರಿಯಾಗಿ ಮೂಡುತ್ತಿರಲಿಲ್ಲ. ಒತ್ತಕ್ಷರ ಒಂದು ಕಡೆ, ಗುಣಿತದ ಚಿಹ್ನೆ ಇನ್ನೊಂದು ಕಡೆ. 2023ರ ಮಾರ್ಚ್‌ನಲ್ಲಿ ಬಂದ ಗೋಡೋ 4ರಲ್ಲಿ ಹಾರ್ಫ್‌ಬಜ್ ಸೇರಿದೆ. ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿ ಅಕ್ಷರ ಜೋಡಿಸುವುದೂ ಅದೇ ಲೈಬ್ರರಿ. ಕನ್ನಡ ಇರುವ ಫಾಂಟ್ ಕೊಟ್ಟರೆ ಸಾಕು, ಅಕ್ಷರ ಅಚ್ಚುಕಟ್ಟಾಗಿ ಬರುತ್ತದೆ. ಸಂಭಾಷಣೆಯನ್ನು ಒಂದೊಂದೇ ಅಕ್ಷರ ತೋರಿಸುವವರಿಗೆ ಒಂದು ಕಿವಿಮಾತು. ಪಠ್ಯ ತೋರಿಸುವ ಲೇಬಲ್ ನೋಡ್‌ನಲ್ಲಿ 'ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್' ಅನ್ನುವ ಆಯ್ಕೆ ಇದೆ. ಅದನ್ನು ಹಾಗೇ ಬಿಟ್ಟರೆ ಪ್ರತಿ ಅಕ್ಷರ ಸೇರಿದಾಗಲೂ ಪದದ ರೂಪ ಬದಲಾಗಿ ಸಾಲು ಕುಣಿಯುತ್ತದೆ. 'ಆಫ್ಟರ್ ಶೇಪಿಂಗ್' ಆರಿಸಿ. ಪೂರ್ತಿ ಸಾಲು ಮೊದಲೇ ಜೋಡಣೆಯಾಗಿ, ಆಮೇಲೆ ಒಂದೊಂದಾಗಿ ಕಾಣುತ್ತದೆ.

ಹೊರಗೆ ತರುವ ಕೆಲಸದಲ್ಲಿ ವಿಂಡೋಸ್, ಲಿನಕ್ಸ್ ಸರಾಗ. ವೆಬ್ ಆವೃತ್ತಿಗೆ, ಗೋಡೋದಲ್ಲಿ ಚಿತ್ರ ಬಿಡಿಸುವ ವಿಧಾನಗಳಲ್ಲಿ ಕಂಪ್ಯಾಟಿಬಿಲಿಟಿ ರೆಂಡರರ್ ಒಂದೇ ದಾರಿ, ಅದಕ್ಕೇ ನಾನು ಮೊದಲ ದಿನದಿಂದ ಅದರಲ್ಲೇ ಕೆಲಸ ಮಾಡಿದೆ. ಹಳೆಯ ಕಂಪ್ಯೂಟರ್‌ಗಳಲ್ಲೂ ಅದು ಚೆನ್ನಾಗಿ ಓಡುತ್ತದೆ. ಗೋಡೋ 4ರಲ್ಲಿ ಸಿ ಶಾರ್ಪ್ ಬಳಸಿದರೆ ವೆಬ್‌ಗೆ ಎಕ್ಸ್‌ಪೋರ್ಟ್ ಸಿಗುವುದಿಲ್ಲ, ಜಿಡಿಸ್ಕ್ರಿಪ್ಟ್ ಹಿಡಿಯಲು ನನಗೆ ಅದೂ ಒಂದು ಕಾರಣ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಪ್ರತಿ ಗೇಮ್‌ಗೆ 100 ಡಾಲರ್ ಕಟ್ಟಬೇಕು, ಮಾರಾಟ 1000 ಡಾಲರ್ ಮುಟ್ಟಿದ ಮೇಲೆ ಆ ಹಣ ವಾಪಸ್ ಬರುತ್ತದೆ.

3ಡಿಯಲ್ಲಿ ವಿಶಾಲ ಬಯಲು, ನಿಜದಂಥ ಬೆಳಕು ಬೇಕಿದ್ದರೆ ನಾನು ಅನ್‌ರಿಯಲ್ ಎಂಜಿನ್ ಕಡೆಗೇ ಕೈ ತೋರಿಸುತ್ತೇನೆ. ಒಂದು ಗೇಮ್‌ನ ಒಟ್ಟು ಗಳಿಕೆ 10 ಲಕ್ಷ ಡಾಲರ್ ದಾಟುವವರೆಗೆ ಅದಕ್ಕೂ ರಾಯಲ್ಟಿ ಇಲ್ಲ. ಕಥೆ ಮತ್ತು ಮಾತೇ ಮುಖ್ಯವಾದ ಗೇಮ್ ಆದರೆ ಅದಕ್ಕೆಂದೇ ಇರುವ ರೆನ್‌ಪೈ ಎಂಜಿನ್ ನೋಡಿ. ಸೇವ್, ಹಿಂದಕ್ಕೆ ಹೋಗುವುದು, ಮಾತಿನ ಇತಿಹಾಸ ಎಲ್ಲ ಅದರಲ್ಲಿ ಸಿದ್ಧವಾಗಿಯೇ ಇವೆ, ಅಂಥವನ್ನು ಬೇರೆ ಕಡೆ ಮತ್ತೆ ಬರೆಯುತ್ತಾ ಯಾಕೆ ಕೂರಬೇಕು ಅಲ್ವಾ?

ಗೋಡೋ ನಿಜವಾಗಿ ನಿಲ್ಲುವುದು ಕನ್ಸೋಲ್ (ಪ್ಲೇಸ್ಟೇಷನ್‌ನಂಥ ಗೇಮ್ ಯಂತ್ರ) ಬಾಗಿಲಲ್ಲಿ. ಕನ್ಸೋಲ್ ಕಂಪನಿಗಳ ಟೂಲ್‌ಗಳು ಗುಟ್ಟಿನ ಒಪ್ಪಂದದ ಅಡಿಯಲ್ಲಿ ಇರುತ್ತವೆ. ಎಲ್ಲರಿಗೂ ತೆರೆದ ಕೋಡ್‌ನಲ್ಲಿ ಅವನ್ನು ಸೇರಿಸುವಂತಿಲ್ಲ. ಹಾಗಾಗಿ ಸಾಮಾನ್ಯವಾಗಿ ಪೋರ್ಟ್ ಮಾಡಿಕೊಡುವ, ಅಂದರೆ ಗೇಮನ್ನು ಕನ್ಸೋಲ್‌ಗೆ ಹೊಂದಿಸಿಕೊಡುವ, ಕಂಪನಿಗಳ ಮೂಲಕ ಹೋಗುತ್ತಾರೆ. ಇದಕ್ಕೆ ಹಣ, ಸಮಯ ಎರಡೂ ಬೇಕು. ಕನ್ಸೋಲೇ ಮೊದಲ ಗುರಿ ಆಗಿದ್ದರೆ ಈ ಖರ್ಚನ್ನು ಮೊದಲ ಲೆಕ್ಕದಲ್ಲೇ ಹಾಕಿಕೊಳ್ಳಿ. ನಾನು ಕಂಪ್ಯೂಟರ್‌ನಿಂದ ಶುರು ಮಾಡಿದೆ. ಆದರೆ ಎಲ್ಲ ಬಟನ್‌ಗಳನ್ನೂ ಇನ್‌ಪುಟ್ ಮ್ಯಾಪ್ (ಯಾವ ಬಟನ್‌ಗೆ ಯಾವ ಕೆಲಸ ಅನ್ನುವ ಪಟ್ಟಿ) ಮೂಲಕವೇ ಕಟ್ಟಿದೆ, ಮೆನುಗಳನ್ನು ಮೌಸ್ ಇಲ್ಲದೆಯೂ ಓಡಾಡುವಂತೆ ಮಾಡಿದೆ, ಸೇವ್ ಮಾಡುವ ಕೋಡನ್ನು ಒಂದೇ ಫೈಲ್‌ನಲ್ಲಿ ಇಟ್ಟೆ. ಮುಂದೆ ಪೋರ್ಟ್ ಮಾಡುವವರು ಮೊದಲು ಕೈ ಹಾಕುವುದು ಈ ಮೂರು ಕಡೆಗೇ.