ಮೊದಲು ತೂಕ ಬರೆಯಿರಿ: ಶಿಲ್ಪಿಗಳು ರೆಸಿಡೆನ್ಸಿಗೆ ಅರ್ಜಿ ಹಾಕುವುದು ಹೇಗೆ?

ರೆಸಿಡೆನ್ಸಿ ಎಂದರೆ ಕಲಾವಿದರು ಕೆಲವು ಕಾಲ ಇದ್ದು ಕೆಲಸ ಮಾಡಲು ಒಂದು ನಗರವೋ ಸಂಸ್ಥೆಯೋ ಜಾಗ ಕೊಡುವ ವ್ಯವಸ್ಥೆ. ದಕ್ಷಿಣ ಕೊರಿಯಾದ ಸೋಲ್ ನಗರದ ನಂಜಿಡೊ ಒಂದು ಕಾಲಕ್ಕೆ ಕಸದ ಗುಡ್ಡ. 1978ರಿಂದ 1993ರವರೆಗೆ ಊರಿನ ಕಸ ಅಲ್ಲಿ ಬೀಳುತ್ತಿತ್ತು. ಆ ಗುಡ್ಡದಿಂದ ಸೋರುವ ಕೊಳೆನೀರನ್ನು ಶುದ್ಧ ಮಾಡಲು ಕಟ್ಟಿದ್ದ ಘಟಕ 2006ರಲ್ಲಿ ಕಲಾವಿದರ ಸ್ಟುಡಿಯೊ ಆಯಿತು. ನಡೆಸುತ್ತಿರುವುದು ನಗರದ್ದೇ ಆದ ಸೋಲ್ ಮ್ಯೂಸಿಯಂ ಆಫ್ ಆರ್ಟ್. ನ್ಯೂಯಾರ್ಕ್‌ನ ಸಾಕ್ರಟೀಸ್ ಸ್ಕಲ್ಪ್ಚರ್ ಪಾರ್ಕ್ ಕಥೆಯೂ ಹೀಗೇ. ನದಿ ದಂಡೆಯಲ್ಲಿ ಕದ್ದು ಕಸ ಸುರಿಯುತ್ತಿದ್ದ ಜಾಗವನ್ನು 1986ರಲ್ಲಿ ಶಿಲ್ಪಿ ಮಾರ್ಕ್ ಡಿ ಸುವೆರೊ ಮತ್ತು ಸಂಗಡಿಗರು ಶಿಲ್ಪಗಳ ಬಯಲು ಮಾಡಿದರು. ಈಗ ಅದು ನಗರದ ಪಾರ್ಕ್. ತೈವಾನ್‌ನ ತೈಪೆ ನಗರವೂ 2001ರಿಂದ ಕಲಾವಿದರ ವಾಸಕ್ಕೆ, ಕೆಲಸಕ್ಕೆ ಜಾಗ ಕೊಡುತ್ತಿದೆ. ಮಂಡೂರು, ಮಾವಳ್ಳಿಪುರದ ಕಸದ ರಾಶಿ ನೋಡಿದ ಬೆಂಗಳೂರಿನವರಿಗೆ ಸ್ವಲ್ಪ ಹೊಟ್ಟೆಕಿಚ್ಚು ಬಂದರೆ ತಪ್ಪಿಲ್ಲ.

ಇಂಥ ಕಡೆ ಚಿತ್ರ ಬರೆಯುವವರು, ವಿಡಿಯೊ ಮಾಡುವವರು, ಶಿಲ್ಪಿಗಳು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಶಿಲ್ಪಿಯ ಅರ್ಜಿ ಮಾತ್ರ ಬೇರೆ ಥರ ಇರಬೇಕು. ಯಾಕೆಂದರೆ ನಿಮ್ಮ ಕೆಲಸಕ್ಕೆ ತೂಕವಿದೆ, ದೂಳಿದೆ, ಸದ್ದಿದೆ.

ಅರ್ಜಿ ಕರೆದ ಪ್ರಕಟಣೆಯನ್ನು ಪೂರ್ತಿ ಓದಿ

ಮೊದಲು ನೋಡಬೇಕಾದದ್ದು ಅರ್ಹತೆ. ತೆರಿಗೆ ಹಣದಲ್ಲಿ ನಡೆಯುವ ರೆಸಿಡೆನ್ಸಿಗಳಲ್ಲಿ ಕೆಲವು ಆ ಊರಿನವರಿಗೇ ಮೀಸಲು. ಆಮೇಲೆ ದುಡ್ಡಿನ ವಿಷಯ. ವಾಸ, ತಿಂಗಳ ಖರ್ಚು, ವಿಮಾನ ಟಿಕೆಟ್, ಸಾಮಗ್ರಿ: ಈ ನಾಲ್ಕರಲ್ಲಿ ಯಾವುದನ್ನು ಕೊಡುತ್ತಾರೆ, ಯಾವುದು ನಿಮ್ಮ ಜೇಬಿನಿಂದ? ‘ಸ್ಟುಡಿಯೊ ಉಚಿತ’ ಎಂದರೆ ಕಲ್ಲು ಉಚಿತ ಅಂತಲ್ಲ. ವೆಲ್ಡಿಂಗ್ ಮಾಡಬಹುದಾ, ನೀರು ಹಾಕದೆ ಕಲ್ಲು ಕೊಯ್ಯಬಹುದಾ, ರಾತ್ರಿ ಗ್ರೈಂಡರ್ ಓಡಿಸಬಹುದಾ ಅಂತ ಮೇಲ್ ಹಾಕಿ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫೋಟೊ

ಹಿಂದೆ ಬಟ್ಟೆ ಒಣಗಿಹಾಕಿದ ತಂತಿ, ಪಕ್ಕದಲ್ಲಿ ಬೈಕು ಬೇಡ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಲ್ಲಿ ತೆಗೆದರೆ ಉಳಿಯ ಗುರುತು ಕೂಡ ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಎಲ್ಲ ಚಪ್ಪಟೆ. ಒಂದೊಂದು ಕೃತಿಗೂ ಎದುರಿನಿಂದ, ಪಕ್ಕದಿಂದ, ಹತ್ತಿರದಿಂದ ಒಂದೊಂದು ಫೋಟೊ ಇರಲಿ. ಎಲ್ಲಾದರೂ ಒಂದು ಕಡೆ ಪಕ್ಕದಲ್ಲಿ ಮನುಷ್ಯ ನಿಂತಿರಲಿ, ಗಾತ್ರ ತಿಳಿಯಬೇಕಲ್ವಾ. ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆಯಿರಿ, ಅಡಿಯಲ್ಲಿ ಬೇಡ.

ಶಿವಾರಪಟ್ಟಣದಂಥ ಕಡೆ ವಿಗ್ರಹ ಕೆತ್ತುತ್ತಲೇ ಬೆಳೆದವರಿಗೆ ಒಂದು ಮಾತು. ದೇವರ ಮೂರ್ತಿಗಳನ್ನೇ ತುಂಬಿಸಿ ಕಳಿಸಿದರೆ ಸಮಕಾಲೀನ ಶಿಲ್ಪದ ಆಯ್ಕೆ ಸಮಿತಿ ಪಕ್ಕಕ್ಕಿಡುವ ಸಾಧ್ಯತೆಯೇ ಜಾಸ್ತಿ. ಹಾಗಂತ ಅದನ್ನು ಮುಚ್ಚಿಡುವುದೂ ನನಗೆ ಸರಿ ಕಾಣುವುದಿಲ್ಲ. ಒಂದೇ ಫೋಟೊ ಹಾಕಿ, ಈ ಕೈ ಎಲ್ಲಿ ಪಳಗಿತು ಅಂತ ಎರಡು ಸಾಲು ಬರೆಯಿರಿ. ಉಳಿದದ್ದೆಲ್ಲ ನಿಮ್ಮದೇ ಯೋಚನೆಯ ಕೆಲಸ ಇರಲಿ.

ಯೋಜನೆ ಬರೆಯುವುದು

ಗೆಲ್ಲುವುದೂ ಸೋಲುವುದೂ ಇಲ್ಲೇ. ‘ಕಾಲ ಮತ್ತು ನೆನಪಿನ ನಡುವಿನ ಸಂವಾದ’ ಅಂತ ಶುರು ಮಾಡಬೇಡಿ. ಏನು ಮಾಡುತ್ತೀರಿ, ಯಾವುದರಲ್ಲಿ, ಎಷ್ಟು ದೊಡ್ಡದು, ಎಷ್ಟು ತೂಕ, ಕೊನೆಗೆ ಅದು ಎಲ್ಲಿಗೆ ಹೋಗುತ್ತದೆ? ಮೊದಲ ಪುಟದಲ್ಲೇ ಇದಕ್ಕೆ ಉತ್ತರ ಇರಲಿ.

ತೂಕದ ಲೆಕ್ಕ ಸುಲಭ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕೆ.ಜಿ. ನಾಲ್ಕು ಅಡಿ ಎತ್ತರ, ಎರಡಡಿ ಅಗಲ, ಎರಡಡಿ ದಪ್ಪದ ದಿಮ್ಮಿ ಎಂದರೆ 16 ಘನ ಅಡಿ, ಅಂದರೆ 1,200 ಕೆ.ಜಿ. ಸ್ಟುಡಿಯೊ ಎರಡನೇ ಮಹಡಿಯಲ್ಲಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಪುಟ್ಟ ಮಾದರಿ ಮಾಡಿ ಲೆಕ್ಕ ಹಾಕುವವರು ಇನ್ನೊಂದು ವಿಷಯ ಗಮನಿಸಿ. ಅಳತೆ ಹತ್ತು ಪಟ್ಟಾದರೆ ತೂಕ ಸಾವಿರ ಪಟ್ಟು. ಅಂಗೈಯಲ್ಲಿ ಕೂರುವ ಒಂದು ಕೆ.ಜಿ. ಮಾದರಿ ಹತ್ತು ಪಟ್ಟು ದೊಡ್ಡದಾಗಿ ನಿಂತಾಗ ಒಂದು ಟನ್. ಈ ಲೆಕ್ಕ, ಜೊತೆಗೆ ಕ್ರೇನ್ ಎಷ್ಟು ದಿನ ಬೇಕು ಅಂತ ಬರೆದಿದ್ದರೆ ಓದುವವರಿಗೆ ನಂಬಿಕೆ ಬರುತ್ತದೆ.

ಭಾರ ಕಡಿಮೆ ಇದ್ದರೂ ಕೆಲಸ ದೊಡ್ಡದಾಗಬಹುದು. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ ‘ಬಿಹೋಲ್ಡ್’ ನೋಡಿ. ದೃಷ್ಟಿಯಾಗದಿರಲಿ ಅಂತ ಗಾಡಿಗೆ ಕಟ್ಟುವ ಕೂದಲಿನ ಹಗ್ಗ, ಅದರಲ್ಲಿ ತೂಗಿಬಿಟ್ಟ ಕಾರಿನ ಬಂಪರ್‌ಗಳು. ನಮ್ಮ ಬೀದಿಯದೇ ವಸ್ತು. 2009ರಲ್ಲಿ ಇಟಲಿಯ ದೊಡ್ಡ ಕಲಾಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿತ್ತು. ಬಿಚ್ಚಿ, ಸುತ್ತಿ, ಬೇರೆ ಕಡೆ ಮತ್ತೆ ಕಟ್ಟಬಹುದು. ಹೋದ ಊರಲ್ಲೇ ಸಿಗುವ ಸಾಮಗ್ರಿ ಬಳಸುತ್ತೇನೆ ಎನ್ನುವವರಿಗೂ ಖರ್ಚು ಉಳಿಯುತ್ತದೆ. ಆದರೆ ಅಲ್ಲಿ ಏನು ಸಿಗುತ್ತದೆ ಅಂತ ಮೊದಲೇ ವಿಚಾರಿಸಿರಬೇಕು.

ಉಪಕರಣ, ಸಾಗಣೆ

ನಮ್ಮ ಗ್ರೈಂಡರ್ ಕೊರಿಯಾದ 220 ವೋಲ್ಟ್‌ಗೆ ಓಡೀತು. ತೈವಾನ್‌ನಲ್ಲಿ 110, ಜಪಾನ್‌ನಲ್ಲಿ 100, ಅಲ್ಲಿ ಓಡಲ್ಲ. ಮಷಿನ್ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ, ಕೈಗೆ ಒಗ್ಗಿದ ಉಳಿಗಳನ್ನು ಮಾತ್ರ ಒಯ್ಯಿರಿ. ಅವನ್ನು ಕ್ಯಾಬಿನ್ ಬ್ಯಾಗಿನಲ್ಲಿ ಬಿಡುವುದಿಲ್ಲ, ಚೆಕ್-ಇನ್‌ಗೆ ಹಾಕಿ.

ಇಲ್ಲಿಂದ ಶಿಲ್ಪ ಕಳಿಸುವುದಾದರೆ ಮರದ ಪೆಟ್ಟಿಗೆಗೆ ಐಎಸ್‌ಪಿಎಂ-15 ಮುದ್ರೆ ಬೇಕು. ಹುಳ ಸಾಯುವಂತೆ ಮರವನ್ನು ಸಂಸ್ಕರಿಸಲಾಗಿದೆ ಅನ್ನುವ ಗುರುತು ಅದು. ಸಾಂಪ್ರದಾಯಿಕವಾಗಿ ಕಾಣುವ ಕಲ್ಲಿನ ಕೆಲಸವಾದರೆ ಕಸ್ಟಮ್ಸ್‌ನವರು ‘ಇದು ಹಳೇ ವಿಗ್ರಹ ಅಲ್ಲ ತಾನೇ?’ ಅಂತ ತಡೆಯಬಹುದು. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪುರಾತನ ವಸ್ತು, ಖಾಸಗಿಯವರು ಹೊರಗೆ ಒಯ್ಯುವಂತಿಲ್ಲ. ಪುರಾತನ ವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಮಾಡಿಸಿಕೊಳ್ಳಿ. ಕೆತ್ತುವಾಗ ತೆಗೆದ ಫೋಟೊ, ಕಲ್ಲು ಕೊಂಡ ಬಿಲ್ಲು ಇಟ್ಟುಕೊಂಡಿದ್ದರೆ ಕೆಲಸ ಬೇಗ ಆಗುತ್ತದೆ.

ಸಹಿ ಹಾಕುವ ಮುಂಚೆ

ಆಯ್ಕೆಯಾದ ಖುಷಿಯಲ್ಲಿ ಒಪ್ಪಂದವನ್ನು ಓದದೆ ಸಹಿ ಹಾಕುವವರೇ ಜಾಸ್ತಿ. ನಗರಕ್ಕೆ ಬಿಟ್ಟುಬರುವ ಶಿಲ್ಪ ಯಾರದ್ದು, ಎಷ್ಟು ವರ್ಷ ನಿಲ್ಲುತ್ತದೆ, ತೆಗೆಯುವ ಖರ್ಚು ಯಾರದು, ಮುರಿದರೆ ಯಾರು ರಿಪೇರಿ ಮಾಡುತ್ತಾರೆ?

ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರ್‌ನಾಥ್ ಸೆಹಗಲ್ ಮಾಡಿದ್ದ ಕಂಚಿನ ಭಿತ್ತಿಶಿಲ್ಪವಿತ್ತು. 1979ರಲ್ಲಿ ಅದನ್ನು ಅವರಿಗೆ ಹೇಳದೆ ಕಿತ್ತು ಗೋದಾಮಿಗೆ ಹಾಕಿದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್, ಉಳಿದ ತುಂಡುಗಳನ್ನು ವಾಪಸ್ ಕೊಟ್ಟು 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಕಲಾವಿದರಿಗೆ ಇಂಥ ಹಕ್ಕು ಕೊಡುವ ನಮ್ಮ ಕಾಯ್ದೆ ಬೇರೆ ದೇಶದಲ್ಲಿ ನಡೆಯುವುದಿಲ್ಲ. ಹಾಗಾಗಿ ‘ಕೃತಿಯನ್ನು ಸರಿಸುವ ಅಥವಾ ತೆಗೆಯುವ ಮುಂಚೆ ಕಲಾವಿದರಿಗೆ ಲಿಖಿತವಾಗಿ ತಿಳಿಸತಕ್ಕದ್ದು’ ಎನ್ನುವ ಒಂದು ಸಾಲನ್ನು ಒಪ್ಪಂದದಲ್ಲಿ ಸೇರಿಸಿ ಅಂತ ಕೇಳಿ. ಬಾಯಿಮಾತಿನ ಭರವಸೆ ಬೇಡ, ಕಾಗದದ ಮೇಲೆ ಬರಲಿ.