ಮೋಟಾರ್ ಡ್ರೈವ್‌ಗೆ ತ್ರೀ ಫೇಸ್ ಲೈನ್ ಕೊಡುವುದು ಹೇಗೆ?

ಡಿಸ್‌ಪ್ಲೇ ಆರಿದ ಮಾತ್ರಕ್ಕೆ ಡ್ರೈವ್‌ನೊಳಗೆ ಕರೆಂಟ್ ಇಲ್ಲವೆಂದು ತಿಳಿಯಬೇಡಿ. ವಿಎಫ್‌ಡಿಗೆ (ಮೋಟಾರಿನ ವೇಗ ಹೊಂದಿಸುವ ಈ ಡ್ರೈವ್‌ಗೆ) ಕೈಹಾಕುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಮೊದಲ ಸಂಗತಿ ಇದು. ಗಿರಣಿ, ಲೇತ್ ಶಾಪ್‌ಗಳಲ್ಲಿ ಕಾಣುವ 10 ಎಚ್‌ಪಿ ಮೋಟಾರಿನ ಡ್ರೈವ್ ಅನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ವೈರಿಂಗ್ ಮಾಡುವವರು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಆಗಿರಬೇಕು. ಮಾಡಿಸುವ ಮಾಲೀಕರಿಗೂ ಕ್ರಮ ಗೊತ್ತಿದ್ದರೆ ಅವಸರದ ಕೆಲಸಕ್ಕೆ ತಡೆ ಬೀಳುತ್ತದೆ.

ಎಂಸಿಸಿಬಿ (ಲೈನಿನ ಮುಖ್ಯ ಬ್ರೇಕರ್) ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ಕೆಲಸ ಮಾಡುವವರ ಜೇಬಿನಲ್ಲೇ ಇರಲಿ. ಟೆಸ್ಟರ್ ದೀಪ ಹತ್ತಲಿಲ್ಲ ಎಂದು ನಂಬಿ ಕೂರಬೇಡಿ. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ಸರಿಯಿದೆಯೇ ನೋಡಿ. ಬಳಿಕ ಕೆಲಸ ಮಾಡಬೇಕಾದ ಲೈನಿನಲ್ಲಿ ಫೇಸ್‌ನಿಂದ ಫೇಸ್‌ಗೆ, ಫೇಸ್‌ನಿಂದ ಅರ್ಥ್‌ಗೆ ಅಳೆಯಿರಿ. ಕೊನೆಗೆ ಮತ್ತೆ ಕರೆಂಟ್ ಇರುವ ಕಡೆ ಪರೀಕ್ಷಿಸಿ.

ಹಳೆಯ ಡ್ರೈವ್ ಬಿಚ್ಚುವುದಾದರೆ ಇನ್ನೊಂದು ಅಪಾಯವಿದೆ. ಒಳಗೆ ಬಂದ 415 ವೋಲ್ಟ್ ಎಸಿ ಸುಮಾರು 585 ವೋಲ್ಟ್‌ನ ಡಿಸಿಯಾಗಿ ಕೆಪಾಸಿಟರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಲೈನ್ ತೆಗೆದ ಮೇಲೂ ಅದು ನಿಧಾನವಾಗಿಯೇ ಇಳಿಯುವುದು. ಎಷ್ಟು ನಿಮಿಷ ಕಾಯಬೇಕೆಂದು ಡ್ರೈವ್‌ನ ಮೇಲೇ ಬರೆದಿರುತ್ತದೆ. ಅಷ್ಟು ಕಾದ ಮೇಲೂ ಡಿಸಿ ಪ್ಲಸ್, ಮೈನಸ್ ಟರ್ಮಿನಲ್‌ಗಳ ನಡುವೆ ಮೀಟರ್ ಹಿಡಿದು ನೋಡಿಯೇ ಕೈ ಇಡಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಖಾಲಿ ಮಾಡುವ ಅಭ್ಯಾಸ ಕೈಯನ್ನೂ ಕಣ್ಣನ್ನೂ ಸುಟ್ಟೀತು.

ಈಗ ನೇಮ್‌ಪ್ಲೇಟ್ ಓದಿ. 200–240 ವೋಲ್ಟ್‌ನ ಡ್ರೈವ್‌ಗೆ 415 ಕೊಟ್ಟರೆ ಆ ಕ್ಷಣಕ್ಕೇ ಹೋಯಿತು. ಕೇಬಲ್ ಮತ್ತು ಫ್ಯೂಸ್ ಆರಿಸಲು ಮೋಟಾರಿನ ಆಂಪ್ಸ್ ನೋಡುವುದಲ್ಲ, ಡ್ರೈವ್‌ನ ಇನ್‌ಪುಟ್ ಆಂಪ್ಸ್ ನೋಡಬೇಕು. ಚೋಕ್ (ಕರೆಂಟಿನ ಏರಿಳಿತ ತಗ್ಗಿಸುವ ಕಾಯಿಲ್) ಇಲ್ಲದಿದ್ದರೆ ಇದು ಮೋಟಾರಿನದಕ್ಕಿಂತ ಹೆಚ್ಚೇ ಇರಬಹುದು.

ಜೋಡಣೆಯಲ್ಲಿ ಮೊದಲು ಅರ್ಥಿಂಗ್. ಡ್ರೈವ್‌ಗಳಲ್ಲಿ ಸೋರುವ ಕರೆಂಟ್ 3.5 ಮಿಲಿಆಂಪ್ ದಾಟುವುದು ಮಾಮೂಲು. ಅದಕ್ಕೇ 10 ಸ್ಕ್ವೇರ್ ಎಂಎಂ ತಾಮ್ರದ ಅರ್ಥ್ ವೈರ್ ಬೇಕು, ಇಲ್ಲವೇ ಎರಡನೆಯ ಅರ್ಥ್ ವೈರ್ ಎಳೆಯಬೇಕು. ನ್ಯೂಟ್ರಲ್ ಅನ್ನು ಅರ್ಥ್ ಎಂದು ಬಳಸಲೇಬಾರದು.

ಹೊಸ ಕೇಬಲನ್ನು ಡ್ರೈವ್‌ಗೆ ಸೇರಿಸುವ ಮೊದಲೇ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿಬಿಡಿ; ಸೇರಿಸಿದ ಮೇಲೆ ಮೆಗ್ಗರ್ ಹಾಕಿದರೆ ಡ್ರೈವ್ ಹಾಳಾಗುತ್ತದೆ. ವೈರ್ ಸುಲಿಯುವಾಗ ಡ್ರೈವ್‌ನ ಗಾಳಿಕಿಂಡಿಗಳ ಮೇಲೆ ರಟ್ಟು ಮುಚ್ಚಿ, ಕೆಲಸ ಮುಗಿದ ಮೇಲೆ ಮರೆಯದೆ ತೆಗೆಯಿರಿ. ಒಳಗೆ ಬಿದ್ದ ಒಂದೇ ಒಂದು ತಾಮ್ರದ ಎಳೆ ಸಾಕು, ಬೋರ್ಡ್ ಸುಡಲು. ವೈರ್ ತುದಿಗೆ ಲಗ್ (ಲೋಹದ ತುದಿ) ಒತ್ತಿ ಕೂರಿಸಿ, ಹೊರಗೆ ಇಣುಕುವ ಎಳೆ ಇಲ್ಲವೆಂದು ನೋಡಿ, ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಸ್ಕ್ರೂ ಬಿಗಿ ಮಾಡಿ. ಪ್ರತಿ ವೈರನ್ನೂ ಒಮ್ಮೆ ಜಗ್ಗಿ ನೋಡಿ.

ಲೈನ್ ಬರಬೇಕಾದ್ದು ಆರ್, ಎಸ್, ಟಿ ಟರ್ಮಿನಲ್‌ಗೆ. ಕೆಲವು ಕಂಪನಿಗಳು ಎಲ್1, ಎಲ್2, ಎಲ್3 ಎಂದು ಬರೆದಿರುತ್ತವೆ. ಯು, ವಿ, ಡಬ್ಲ್ಯೂ ಮೋಟಾರಿಗೆ ಹೋಗುವ ದಾರಿ. ಅಲ್ಲಿಗೆ ಲೈನ್ ಕೊಟ್ಟರೆ ಡ್ರೈವ್ ಸುಟ್ಟುಹೋಗುತ್ತದೆ. ಮೋಟಾರ್ ಉಲ್ಟಾ ತಿರುಗಿದರೆ ಇನ್‌ಪುಟ್ ಫೇಸ್ ಅದಲುಬದಲು ಮಾಡಿ ಪ್ರಯೋಜನವಿಲ್ಲ. ಒಳಗೆ ಎಲ್ಲವೂ ಡಿಸಿಯೇ ಆಗುವುದರಿಂದ ಮೋಟಾರ್ ಕಡೆಯ ಎರಡು ವೈರ್‌ಗಳನ್ನು ಬದಲಿಸಬಹುದು, ಅದೂ ಲೈನ್ ತೆಗೆದು ಕಾದ ಮೇಲೆ.

ಕವರ್ ಮುಚ್ಚಿಯೇ ಎಂಸಿಸಿಬಿ ಆನ್ ಮಾಡಿ. ಮೋಟಾರ್ ಓಡಿಸುವ ಮುಂಚೆ ಡಿಸ್‌ಪ್ಲೇಯಲ್ಲಿ ಡಿಸಿ ಬಸ್ ವೋಲ್ಟೇಜ್ (ಕೆಪಾಸಿಟರ್‌ಗಳಲ್ಲಿ ತುಂಬಿದ ಡಿಸಿ ವೋಲ್ಟ್) ನೋಡಿ, 585ರ ಆಸುಪಾಸಿನಲ್ಲಿರಬೇಕು. ಇನ್‌ಪುಟ್‌ನಲ್ಲಿ ಕಾಂಟ್ಯಾಕ್ಟರ್ (ಲೈನ್ ಕೊಡುವ, ತೆಗೆಯುವ ಸ್ವಿಚ್) ಇದ್ದರೆ ಅದನ್ನು ಒತ್ತಿ ಬಿಟ್ಟು ಮೋಟಾರ್ ನಿಲ್ಲಿಸುವುದು, ಓಡಿಸುವುದು ಬೇಡ. ಪ್ರತಿ ಸಲ ಕೆಪಾಸಿಟರ್ ತುಂಬುವಾಗ ಆ ಕರೆಂಟನ್ನು ತಡೆಹಿಡಿಯುವ ಪ್ರೀಚಾರ್ಜ್ ರೆಸಿಸ್ಟರ್ ಬಿಸಿಯಾಗುತ್ತದೆ. ಸ್ಟಾರ್ಟ್, ಸ್ಟಾಪ್ ಎರಡೂ ಡ್ರೈವ್‌ನ ಕಂಟ್ರೋಲ್ ಟರ್ಮಿನಲ್‌ನಿಂದಲೇ ಆಗಲಿ.