ಮುನಿರಾಬಾದ್‌ನಲ್ಲಿ ಕೂತು ಕಡಲಿನ ಲೆಕ್ಕ

ನಾನು ತುಂಗಭದ್ರಾ ಡ್ಯಾಂ ಪಕ್ಕದಲ್ಲೇ ಬೆಳೆದವನು. ಮಳೆಗಾಲ ಬಂತೆಂದರೆ ಮುನಿರಾಬಾದ್‌ನಲ್ಲಿ ಒಂದೇ ಮಾತು, "ಎಷ್ಟು ಅಡಿ ಬಂತು?" 1,633 ಮುಟ್ಟಿ ಡ್ಯಾಂ ತುಂಬಿದರೆ ಎಲ್ಲರಿಗೂ ನಿರಾಳ. ಕಡಲಿನಲ್ಲಿ ಇದೇ ಪ್ರಶ್ನೆಯನ್ನು ದಿನಕ್ಕೆ ನಾಲ್ಕು ಸಲ ಕೇಳಬೇಕು. ಅದು ತಲೆಗೆ ಹತ್ತಲು ನನಗೊಂದು ಕೆಟ್ಟ ಸಂಜೆ ಬೇಕಾಯಿತು.

ಕಾರವಾರದ ಗೆಳೆಯನ ಹತ್ತಿರ 18 ಅಡಿಯ ಹಾಯಿದೋಣಿ ಇದೆ, ಸಣ್ಣ ಎಂಜಿನ್ ಸಮೇತ. ಇಬ್ಬರೇ ಹೊನ್ನಾವರದವರೆಗೆ ಹೋಗುವುದು, ನಡುವೆ ತದಡಿಯಲ್ಲಿ ಒಂದು ರಾತ್ರಿ. ಪ್ಲಾನ್ ನನ್ನ ಪಾಲಿಗೆ ಬಂತು. ನಾನು ಅದನ್ನು ಬಸ್ ಪ್ರಯಾಣದ ಹಾಗೆ ಮಾಡಿದೆ. ತದಡಿಗೆ ಸುಮಾರು 22 ನಾಟಿಕಲ್ ಮೈಲಿ, ಅಂದರೆ 40 ಕಿ.ಮೀ. ನೌಕಾನೆಲೆ, ಅಂಜುದೀವ್ ದ್ವೀಪ ಸುತ್ತುಬಳಸಿ ದೂರದಿಂದ ಹೋಗಬೇಕು, ಅದಕ್ಕೆ ಇನ್ನಷ್ಟು. ಎಂಟಕ್ಕೆ ಬಿಟ್ಟರೆ ಮೂರೂವರೆಗೆ ಊರು. ರಾತ್ರಿ ಬೆಳದಿಂಗಳು ಇರಲಿ ಅಂತ ಹುಣ್ಣಿಮೆಯ ಮರುದಿನವನ್ನೇ ಆರಿಸಿದ್ದೆ!

ಹೇಳಿದ ಹೊತ್ತಿಗೇ ತದಡಿಯ ಅಘನಾಶಿನಿ ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವ ಬಾಯಿಗೆ ಬಂದೆವು. ಮುಂದೆ ಬಿಳಿ ಗೆರೆ. ಹತ್ತಿರ ಹೋದರೆ ಅಲೆಗಳು ಗೋಡೆಯ ಹಾಗೆ ಎದ್ದು ಅಲ್ಲೇ ಮುರಿಯುತ್ತಿವೆ. ಹುಣ್ಣಿಮೆಯ ಆಸುಪಾಸು ಆ ಕಡೆ ಭರತ (ಕಡಲಿನ ಉಬ್ಬರ) ತುಂಬುವುದು ಮಧ್ಯಾಹ್ನದ ಹೊತ್ತಿಗೆ, ಆಮೇಲೆ ಇಳಿತ. ಎರಡು ಮೀಟರ್ ಹತ್ತಿರ ಏರಿದ್ದ ನೀರೆಲ್ಲ ಹೊಳೆಯಿಂದ ಹೊರಗೆ ನುಗ್ಗುತ್ತಿತ್ತು. ಎದುರಿಗೆ ಮಧ್ಯಾಹ್ನದ ಪಡುವಣ ಗಾಳಿ. ಕೆಳಗೆ ಮರಳದಿಬ್ಬ. ಪಕ್ಕದಲ್ಲಿ ಹಾದ ಮೀನುಗಾರರೊಬ್ಬರು ಕೈ ಅಡ್ಡ ಆಡಿಸಿ "ಈಗ ಬ್ಯಾಡ" ಅಂತ ಕೂಗಿದರು. ಲಂಗರು ಹಾಕಿ ಹೊರಗೇ ಎರಡೂವರೆ ತಾಸು ತೊಯ್ದಾಡಿದೆವು. ಬೆಳಿಗ್ಗೆ ತಿಂದಿದ್ದೆಲ್ಲ ಕಡಲಿಗೆ ಹೋಯಿತು. ಇಳಿತ ತಣ್ಣಗಾದ ಮೇಲೆ, ಮುಸ್ಸಂಜೆಯಲ್ಲಿ, ಒಂದು ಬೋಟಿನ ಬೆನ್ನು ಹಿಡಿದು ಒಳಗೆ ಹೋದೆವು. ಮರುದಿನ ಹೊನ್ನಾವರದ ಆಸೆ ಬಿಟ್ಟು ವಾಪಸ್. ಅಲ್ಲಿನ ಶರಾವತಿ ಅಳಿವೆ ಇನ್ನೂ ಕಷ್ಟದ್ದು.

ಮುಂದಿನ ವರ್ಷ ಜನವರಿಗೆ ಪ್ಲಾನನ್ನು ಹಿಂದಿನಿಂದ ಮುಂದಕ್ಕೆ ಬರೆದೆ. ಮೊದಲ ಸಾಲು ಹೊರಡುವ ಹೊತ್ತಲ್ಲ, ಅಳಿವೆ ದಾಟುವ ಹೊತ್ತು. ಭರತ ಏರುತ್ತಿರುವಾಗ ಒಳಗೆ ಹೋಗಬೇಕು, ಅದೂ ಬೆಳಕಿನಲ್ಲಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಅಮಾವಾಸ್ಯೆ ಕಳೆದು ಐದಾರು ದಿನಕ್ಕೆ ಅದು ಸಂಜೆ ನಾಲ್ಕರ ಹತ್ತಿರ ಬಂದು ನಿಲ್ಲುತ್ತದೆ. ಅಷ್ಟಮಿಯ ಕಡೆ ಹೋದಂತೆ ನೀರಿನ ಏರಿಳಿತವೂ ಕಡಿಮೆ, ಸೆಳೆತವೂ ಕಡಿಮೆ. ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿದೆ. ಅವ್ವ ಯಾರ ಮದುವೆ ಅಂತ ಕೇಳಿದಳು. ಆಮೇಲೆ ಟೈಡ್ ಟೇಬಲ್, ಅಂದರೆ ಭರತ-ಇಳಿತದ ಹೊತ್ತಿನ ಪಟ್ಟಿ ತೆಗೆದು ನಿಮಿಷದ ಲೆಕ್ಕ ನೋಡಿದೆ.

ಗಾಳಿಯದ್ದು ಸುಲಭ. ಚಳಿಗಾಲದಲ್ಲಿ ನಸುಕಿಗೆ ಘಟ್ಟದ ಕಡೆಯಿಂದ ಬೀಸುತ್ತದೆ, ಹತ್ತೂವರೆ ಸುಮಾರಿಗೆ ಸತ್ತೇ ಹೋಗುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬರುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ ಅದು ಬೆನ್ನ ಹಿಂದಿನ ಗಾಳಿ. ವಾಪಸ್ ಬರುವಾಗ ಅದೇ ಎದುರಾಗುತ್ತದೆ, ಅದಕ್ಕೇ ದೋಣಿಯನ್ನು ಹೊನ್ನಾವರದಿಂದ ಟ್ರೇಲರ್ ಮೇಲೆ ತರುವುದೆಂದು ಮೊದಲೇ ತೀರ್ಮಾನಿಸಿದೆವು. ಪೆಟ್ರೋಲ್ ಮಾತ್ರ ಗಾಳಿಯೇ ಇಲ್ಲ ಅಂದುಕೊಂಡು ಪೂರ್ತಿ ದೂರಕ್ಕೆ ಲೆಕ್ಕ ಹಾಕಿ ತುಂಬಿಸಿದ್ದು. ಹೈದರಾಬಾದ್‌ನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಅಲೆಗಳ ಮುನ್ಸೂಚನೆಯನ್ನು ಮೂರು ದಿನ ಮುಂಚೆಯಿಂದ ನೋಡುತ್ತಿದ್ದೆ. ಕರಾವಳಿ ಪೊಲೀಸರಿಗೆ, ಬಂದರು ಕಚೇರಿಗೆ ತಿಳಿಸಿದೆವು. ಲೈಫ್ ಜಾಕೆಟ್ ಒಳಗೆ ಕೋಸ್ಟ್ ಗಾರ್ಡ್ ನಂಬರ್ 1554 ಬರೆದಿಟ್ಟೆವು.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಕಡೆ ತಿಂಗಳು ಇಟ್ಟರೂ ಕಟುಂ ಅನ್ನುವ ರೊಟ್ಟಿ ಕಡಲಿನ ಗಾಳಿಗೆ ಮೊದಲ ಮಧ್ಯಾಹ್ನಕ್ಕೇ ಮೆತ್ತಗಾಯಿತು. ಅದೊಂದು ಲೆಕ್ಕ ಮತ್ತೆ ತಪ್ಪಿತು.

ಆರೂವರೆಗೆ ಕಾರವಾರ ಬಿಟ್ಟಿದ್ದೆವು. ಎರಡೂಮುಕ್ಕಾಲಿಗೆ ಅಳಿವೆ ಕಂಡಿತು. ಬಿಳಿ ಗೆರೆ ಇರಲಿಲ್ಲ. ಗೆಳೆಯ ಹಾಯಿ ಇಳಿಸಿ ಎಂಜಿನ್ ಶುರು ಮಾಡಿದ. ನೀರೇ ನಮ್ಮನ್ನು ಒಳಗೆ ಕರೆದುಕೊಂಡು ಹೋಗುತ್ತಿತ್ತು, ಅವನು ಸುಮ್ನೆ ಚುಕ್ಕಾಣಿ ಹಿಡಿದು ಕೂತಿದ್ದ.